ಓದುಗರ ಪ್ರಶ್ನೆ: ಬಿಯರ್ ಬೆರೆತ ಊಟಕ್ಕೆ ಕುಳಿತಾಗ

ಪ್ರಶ್ನೆ: ನಮ್ಮ ಮಗ ಬೆಲ್ಜಿಯಂನ ಲ್ಯೂವೆನ್‌ನಲ್ಲಿ ಸಂಶೋಧನೆ ಮಾಡುತ್ತಿದ್ದಾನೆ. ಬರುವ ಮಾರ್ಚಿನಲ್ಲಿ ನಾವು ಅಲ್ಲಿಗೆ ಹೋದಾಗ, ನಮ್ಮ ಮದುವೆಯ ನಲವತ್ತನೆಯ ವರ್ಷದ ನೆನಪಿಗೆ, ಹೆಚ್ಚಿನ ಖಾದ್ಯಗಳನ್ನು ಬಿಯರ್ ಬಳಸಿಯೇ ತಯಾರಿಸುವ ಒಂದು ಒಳ್ಳೆಯ ರೆಸ್ಟೋರೆಂಟಿಗೆ ಕರೆದೊಯ್ಯಬೇಕೆಂಬುದು ಅವನ ಆಸೆ. ನಾವಿಬ್ಬರೂ ಮಾಂಸ ತಿನ್ನುತ್ತೇವೆ, ಸೊಸೆ ಸಸ್ಯಾಹಾರಿ. ನಾನು ಈವರೆಗೆ ಮದ್ಯ ಮುಟ್ಟಿದವಳಲ್ಲ. ಬೆಂದ ಮೇಲೆ ಅಮಲಿನ ಅಂಶವೇನೂ ಉಳಿಯುವುದಿಲ್ಲ ಎಂದು ಮಗ ಹೇಳುತ್ತಾನೆ. ಇದು ನಿಜವೇ? ಅಂಥ ಊಟದಲ್ಲಿ ಏನೇನಿರುತ್ತದೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮಗನ ಮಾತು ಪೂರ್ತಿ ನಿಜವಲ್ಲ. ಆಲ್ಕೋಹಾಲ್ 78 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವುದಾದರೂ, ನೀರಿನೊಂದಿಗೆ ಬೆರೆತಿರುವಾಗ ಅದು ಒಮ್ಮೆಲೇ ಆವಿಯಾಗಿ ಹೋಗುವುದಿಲ್ಲ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದ ಪ್ರಕಾರ, ಅಡುಗೆಯಲ್ಲಿ ಬೆರೆಸಿ 15 ನಿಮಿಷ ಕುದಿಸಿದಾಗ ಹಾಕಿದ ಆಲ್ಕೋಹಾಲಿನಲ್ಲಿ ಶೇ. 40ರಷ್ಟು, ಒಂದು ಗಂಟೆಯ ನಂತರ ಶೇ. 25ರಷ್ಟು, ಎರಡೂವರೆ ಗಂಟೆಯ ನಂತರ ಶೇ. 5ರಷ್ಟು ಉಳಿದಿರುತ್ತದೆ. ಬಹುಹೊತ್ತು ಬೆಂದ ಮಾಂಸದ ಒಂದು ತಟ್ಟೆಯಲ್ಲಿ ಉಳಿಯುವ ಪ್ರಮಾಣ ತೀರಾ ಅಲ್ಪವೇ. ಆದರೆ ಕೊನೆಯ ಗಳಿಗೆಯಲ್ಲಿ ಬಿಯರ್ ಸೇರಿಸುವ ಸಾಸ್‌ಗಳಲ್ಲಿ ಮತ್ತು ಸಿಹಿತಿನಿಸುಗಳಲ್ಲಿ ಹೆಚ್ಚು ಉಳಿದಿರುತ್ತದೆ. ಮದ್ಯವನ್ನು ದೂರವಿಡುವುದು ನಿಮಗೆ ವ್ರತದಂತಿದ್ದರೆ, ಮೇಜು ಕಾಯ್ದಿರಿಸುವಾಗಲೇ ಬಿಯರ್ ಸೇರದ ಖಾದ್ಯಗಳನ್ನು ಕೇಳಿಸಿ. ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ಕುಡಿಯುವುದಷ್ಟೇ ಬೇಡವೆಂದಿದ್ದರೆ ಧಾರಾಳವಾಗಿ ಹೋಗಿ ಬನ್ನಿ.

ಆ ಅಡುಗೆಯಲ್ಲಿ ಬಿಯರ್ ಮಾಡುವ ಕೆಲಸ ಕನ್ನಡದ ಅಡುಗೆಮನೆಯವರಿಗೆ ಬೇಗ ಅರ್ಥವಾಗುವಂಥದ್ದು ಎಂದು ನನಗೆ ಅನ್ನಿಸುತ್ತದೆ. ಹಾಗಲಕಾಯಿ ಗೊಜ್ಜಿನಲ್ಲಿ ಕಹಿಗೆ ಹುಣಸೆಹಣ್ಣನ್ನೂ ಬೆಲ್ಲವನ್ನೂ ಎದುರಿಟ್ಟು ಹದ ಮಾಡುತ್ತೇವಲ್ಲವೇ? ಬೆಲ್ಜಿಯಂನ ಉತ್ತರ ಭಾಗವಾದ ಫ್ಲ್ಯಾಂಡರ್ಸ್‌ನವರು ಸ್ಟೋಫ್‌ಫ್ಲೇಸ್ ಎಂದು ಕರೆಯುವ ದನದ ಮಾಂಸದ ಖಾದ್ಯದಲ್ಲಿ ಅದೇ ಲೆಕ್ಕಾಚಾರವಿದೆ. ರಾಶಿ ಈರುಳ್ಳಿಯನ್ನು ಹೊಂಬಣ್ಣ ಬರುವವರೆಗೆ ಬಾಡಿಸಿ, ಮಾಂಸದೊಂದಿಗೆ ಕಂದುಬಣ್ಣದ ಬಿಯರ್ ಸುರಿದು, ಮೇಲೆ ಸಾಸಿವೆಯ ಮಸಾಲೆ ಸವರಿದ ಬ್ರೆಡ್ಡಿನ ಹೋಳನ್ನಿಟ್ಟು ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬಿಡುತ್ತಾರೆ; ಬ್ರೆಡ್ಡು ಕರಗಿ ಗಸಿಯನ್ನು ಮಂದವಾಗಿಸುತ್ತದೆ, ಬಿಯರ್‌ನ ಕಹಿಯನ್ನು ಈರುಳ್ಳಿಯ ಸಿಹಿ ಮತ್ತು ಒಂದಿಷ್ಟು ಕಂದು ಸಕ್ಕರೆ ಸರಿದೂಗಿಸುತ್ತವೆ. ಗೋಮಾಂಸ ನಿಮಗೆ ಒಗ್ಗದಿದ್ದರೆ, ಚೆರ್ರಿಹಣ್ಣು ನೆನೆಸಿ ತಯಾರಿಸಿದ ಕ್ರೀಕ್ ಎಂಬ ಹುಳಿ ಬಿಯರ್‌ನಲ್ಲಿ ಬೇಯಿಸಿದ ಮೊಲದ ಮಾಂಸವನ್ನು ಕೇಳಿ ನೋಡಬಹುದು. ಕ್ರೀಕ್‌ಗೆ ಆಧಾರವಾದ ಲ್ಯಾಂಬಿಕ್ ಎಂಬ ಬಿಯರ್ ಬ್ರಸೆಲ್ಸ್ ಸುತ್ತಮುತ್ತಲಿನದು. ಅದಕ್ಕೆ ಯೀಸ್ಟ್ ಬೆರೆಸುವುದಿಲ್ಲ. ಚಳಿಯ ತಿಂಗಳುಗಳಲ್ಲಿ ಧಾನ್ಯದ ಬಿಸಿ ರಸವನ್ನು ಅಗಲವಾದ, ಆಳವಿಲ್ಲದ ತೊಟ್ಟಿಯಲ್ಲಿ ರಾತ್ರಿಯಿಡೀ ತೆರೆದಿಟ್ಟಾಗ ಗಾಳಿಯಲ್ಲಿರುವ ಸೂಕ್ಷ್ಮಜೀವಿಗಳೇ ಸೇರಿಕೊಳ್ಳುತ್ತವೆ, ಆಮೇಲೆ ಮರದ ಪೀಪಾಯಿಗಳಲ್ಲಿ ಅದು ಹುದುಗುತ್ತದೆ. ಏನನ್ನೂ ಬೆರೆಸದೆ ಇಡ್ಲಿ ಹಿಟ್ಟನ್ನು ಹುದುಗಿಸಿದ ನಿಮಗೆ ಆ ಹುಳಿ ಅಪರಿಚಿತವೆನಿಸಲಾರದು.

ನೀವು ಹೋಗುವ ತಿಂಗಳು ಮಾರ್ಚ್ ಆಗಿರುವುದರಿಂದ ಇನ್ನೊಂದು ಮಾತು. ಫ್ರಾನ್ಸಿನ ಗಡಿಗೆ ಹತ್ತಿರದ ಪೋಪರಿಂಗೆ ಸೀಮೆ ಬಿಯರ್‌ಗೆ ಕಹಿ ಕೊಡುವ ಹಾಪ್ ಬಳ್ಳಿಯ ನಾಡು. ಅಲ್ಲಿನ ವಾಟೌ ಎಂಬ ಹಳ್ಳಿಯಲ್ಲಿ ಸ್ಟೀಫನ್ ಕೂಟೆನಿ ಎಂಬ ಬಾಣಸಿಗರು ತಮ್ಮ ಹೊಮೆಲ್‌ಹೊಫ್ ರೆಸ್ಟೋರೆಂಟಿನ ಮೂಲಕ ಬಿಯರ್ ಅಡುಗೆಗೆ ದೊಡ್ಡ ಹೆಸರು ತಂದರು; ಆ ಸೀಮೆಯ ಮಾತಿನಲ್ಲಿ ಹೊಮೆಲ್ ಎಂದರೆ ಹಾಪ್ ಎಂದೇ ಅರ್ಥ. ವಸಂತದ ಆರಂಭದಲ್ಲಿ, ಮಣ್ಣಿನೊಳಗೇ ಇರುವ ಈ ಬಳ್ಳಿಯ ಎಳೆಯ ಬಿಳಿ ಚಿಗುರುಗಳನ್ನು ಒಂದೊಂದಾಗಿ ಕೈಯಿಂದ ಬಿಡಿಸುತ್ತಾರೆ. ಬೆಲೆ ಹೆಚ್ಚು, ಸಿಗುವ ಕಾಲ ಕಡಿಮೆ. ಬೆಣ್ಣೆಯ ಸಾಸ್ ಮತ್ತು ನೀರಿನಲ್ಲಿ ಬೇಯಿಸಿದ ಮೊಟ್ಟೆಯೊಂದಿಗೆ ಬಡಿಸುವ ಆ ಚಿಗುರು ಪಟ್ಟಿಯಲ್ಲಿ ಕಂಡರೆ ಖಂಡಿತ ಬಿಡಬೇಡಿ. ಬೆಲ್ಜಿಯಂನ ಬಿಯರ್ ಸಂಸ್ಕೃತಿಯನ್ನು ಯುನೆಸ್ಕೊ 2016ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ್ದರ ಹಿಂದೆ ಅಡುಗೆಮನೆಯ ಪಾಲೂ ಇದೆ.

ನನಗೆ ಹೆಚ್ಚು ಚಿಂತೆಯಿರುವುದು ನಿಮ್ಮ ಸೊಸೆಯ ಊಟದ ಬಗ್ಗೆ. ಬೆಲ್ಜಿಯಂನಲ್ಲಿ ಆಲೂಗಡ್ಡೆ ಫ್ರೈಗಳನ್ನು ಸಂಪ್ರದಾಯದಂತೆ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ತರಕಾರಿ ಸೂಪಿಗೂ ಮಾಂಸದ ರಸ ಸೇರಿರಬಹುದು. ಚೀಸ್ ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸಿರಬಹುದು. ಆದ್ದರಿಂದ "ಸಸ್ಯಾಹಾರ" ಎಂದಷ್ಟೇ ಹೇಳಿದರೆ ಸಾಲದು. ಈ ಮೂರನ್ನೂ ಹೆಸರಿಸಿ, ಒಂದು ವಾರ ಮೊದಲೇ ಬರೆದು ತಿಳಿಸುವಂತೆ ಮಗನಿಗೆ ಹೇಳಿ.

ಪ್ರಶ್ನೆ: ಬೆಂಗಳೂರಿನ ಒಂದು ಬ್ರೂವರಿಯಿಂದ ಇಂಡಿಯಾ ಪೇಲ್ ಏಲ್ ತಂದು, ನೀರಿನ ಬದಲು ಅದನ್ನೇ ಹಾಕಿ ಒಂದು ಗಂಟೆ ಕೋಳಿಯನ್ನು ಬೇಯಿಸಿದೆ. ಬಾಯಿಗಿಡಲಾಗದಷ್ಟು ಕಹಿಯಾಯಿತು. ತಪ್ಪಿದ್ದೆಲ್ಲಿ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ತಪ್ಪಿದ್ದು ಬಿಯರ್‌ನ ಆಯ್ಕೆಯಲ್ಲಿ. ನೀರು ಇಂಗುತ್ತಾ ಹೋದಂತೆ ಹಾಪ್‌ನ ಕಹಿ ಆವಿಯಾಗದೆ ಪಾತ್ರೆಯಲ್ಲೇ ಉಳಿದು ಗಾಢವಾಗುತ್ತದೆ, ಮತ್ತು ಇಂಡಿಯಾ ಪೇಲ್ ಏಲ್ ಹಾಪ್ ಹೇರಳವಾಗಿರುವ ಬಿಯರ್. ಬಹುಹೊತ್ತು ಬೇಯುವ ಅಡುಗೆಗೆ ಕಹಿ ಕಡಿಮೆಯಿರುವ, ಮಾಲ್ಟ್‌ನ (ಮೊಳಕೆ ಬರಿಸಿ ಒಣಗಿಸಿದ ಧಾನ್ಯದ) ಸಿಹಿ ಮುಂದಿರುವ ಕಂದು ಬಿಯರ್ ಬೇಕು. ಕೋಳಿಗಾದರೆ ಬೆಲ್ಜಿಯಂ ಮಾದರಿಯ ಗೋಧಿ ಬಿಯರ್ ಇನ್ನೂ ಒಳ್ಳೆಯದು. ನಿಂತೇಹೋಗಿದ್ದ ಆ ಬಗೆಯನ್ನು 1960ರ ದಶಕದಲ್ಲಿ ಹೂಗಾರ್ಡನ್ ಊರಿನಲ್ಲಿ ಪಿಯರ್ ಸೆಲಿಸ್ ಮತ್ತೆ ತಯಾರಿಸತೊಡಗಿದರು. ಅದರಲ್ಲಿ ಕಿತ್ತಳೆ ಸಿಪ್ಪೆಯ ಜೊತೆಗೆ ಕೊತ್ತಂಬರಿ ಬೀಜವೂ ಇರುವುದರಿಂದ ನಮ್ಮ ಮಸಾಲೆಗೆ ಸಹಜವಾಗಿ ಹೊಂದುತ್ತದೆ. ಅರ್ಧ ನೀರು, ಅರ್ಧ ಬಿಯರ್ ಹಾಕಿ. ಈರುಳ್ಳಿಯನ್ನು ಎರಡು ಪಾಲು ಹೆಚ್ಚಿಸಿ. ಇಳಿಸುವ ಮೊದಲು ರುಚಿ ನೋಡಿ, ಕಹಿ ಮೇಲಾಗಿದ್ದರೆ ಚಿಟಿಕೆ ಬೆಲ್ಲ ಸೇರಿಸಿ.