ಕಾಡು ಹಾಗೇ ಇದೆ, ಕಪ್ಪೆ ಎಲ್ಲಿ?

ಪ್ರಶ್ನೆ: ಕಾಡು ಕಡಿದ ಕಡೆ ಕಪ್ಪೆ ಕಮ್ಮಿಯಾಗುವುದು ಅರ್ಥವಾಗುತ್ತದೆ. ಆದರೆ ಕೊಡಲಿಯೇ ಬೀಳದ ಮಳೆಕಾಡುಗಳಲ್ಲೂ ಕಪ್ಪೆಗಳು ಕಾಣೆಯಾಗುತ್ತಿವೆಯಂತೆ. ನಿಜವಾ?

ಉತ್ತರ: ನಿಜ. ನನ್ನಂಥ ಕಪ್ಪೆಹುಚ್ಚಿನವರನ್ನು ಮೊದಲು ತಬ್ಬಿಬ್ಬು ಮಾಡಿದ್ದೇ ಇದು. ಕೋಸ್ಟರಿಕಾದ ಮಾಂಟೆವೆರ್ಡೆ ಬೆಟ್ಟದ ಕಾಡಲ್ಲಿ ಚಿನ್ನದ ಕಪ್ಪೆ ಇತ್ತು. ಗಂಡು ಮೈತುಂಬ ಕಿತ್ತಳೆ ಬಣ್ಣ, ಸುಮ್ನೆ ಪ್ಲಾಸ್ಟಿಕ್ ಆಟಿಕೆಯ ಹಾಗೆ. ವರ್ಷಕ್ಕೆ ಕೆಲವೇ ದಿನ ಮರದ ಬೇರುಗಳ ನಡುವಿನ ಸಣ್ಣ ನೀರಿನ ಗುಂಡಿಗಳಲ್ಲಿ ಸೇರುತ್ತಿದ್ದವು. 1987ರಲ್ಲಿ 1,500ಕ್ಕೂ ಹೆಚ್ಚು ಕಂಡವು. 1989ರಲ್ಲಿ ಒಂದೇ ಒಂದು ಗಂಡು. ಆಮೇಲೆ ಇಲ್ಲ. 2004ರಲ್ಲಿ ಅಳಿದುಹೋದ ಪಟ್ಟಿಗೆ ಸೇರಿಸಿದರು. 1987ರ ಒಣಹವೆ ಎಷ್ಟು ಕಾರಣ, ರೋಗ ಎಷ್ಟು ಕಾರಣ ಅನ್ನುವ ಜಗಳ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ.

ರೋಗ ಅಂದೆನಲ್ಲ, ಅದು ಕಿಟ್ರಿಡ್ ಎಂಬ ಫಂಗಸ್‌ನಿಂದ ಬರುವುದು. 1998ರಲ್ಲಿ ಆಸ್ಟ್ರೇಲಿಯಾ ಮತ್ತು ಪನಾಮಾದಲ್ಲಿ ಸತ್ತ ಕಪ್ಪೆಗಳ ಚರ್ಮದಲ್ಲಿ ಅದರ ಸುಳಿವು ಸಿಕ್ಕಿತು. ಚರ್ಮದ ರೋಗಕ್ಕೆ ಯಾರಾದರೂ ಸಾಯುತ್ತಾರಾ ಅಂತ ನೀವು ಕೇಳಬಹುದು. ಕಪ್ಪೆ ಸಾಯುತ್ತದೆ. ಅದು ಬಾಯಿಂದ ನೀರು ಕುಡಿಯುವುದಿಲ್ಲ, ಚರ್ಮದಿಂದಲೇ ಹೀರುತ್ತದೆ. ಮೈಯ ಉಪ್ಪಿನಂಶವನ್ನು ಹದದಲ್ಲಿ ಇಡುವುದೂ ಅದೇ ಚರ್ಮ. ಅದು ಕೆಟ್ಟರೆ ರಕ್ತದ ಸೋಡಿಯಂ, ಪೊಟ್ಯಾಸಿಯಂ ಇಳಿದು ಹೃದಯ ನಿಲ್ಲುತ್ತದೆ. ರೋಗ ಬಲಿತ ಕಪ್ಪೆಯನ್ನು ನೋಡಿದರೆ ಗೊತ್ತಾಗುತ್ತದೆ: ರಾತ್ರಿ ಓಡಾಡಬೇಕಾದದ್ದು ಹಗಲಲ್ಲೇ ಬಯಲಲ್ಲಿ ಕೂತಿರುತ್ತದೆ. ಅಂಗಾತ ಹಾಕಿದರೆ ಮಗುಚಿಕೊಳ್ಳಲೂ ತ್ರಾಣ ಇರುವುದಿಲ್ಲ.

ಮೋಸ ಎಲ್ಲಿ ಅಂದರೆ, ಗೊದಮೊಟ್ಟೆಗಳು ಸಾಮಾನ್ಯವಾಗಿ ಇದರಿಂದ ಸಾಯುವುದಿಲ್ಲ. ಈ ಫಂಗಸ್ ಬೆಳೆಯುವುದು ಕೆರಾಟಿನ್ ಮೇಲೆ, ಅಂದರೆ ನಮ್ಮ ಉಗುರಲ್ಲೂ ಇರುವ ಗಟ್ಟಿ ಪ್ರೋಟೀನ್ ಮೇಲೆ; ಅದು ಗೊದಮೊಟ್ಟೆಗಳ ಬಾಯಿಯ ಸುತ್ತ ಮಾತ್ರ ಇರುತ್ತದೆ. ಕಾಲು ಮೂಡಿ, ಕಪ್ಪೆಯ ಚರ್ಮ ಬಂದ ಮೇಲೆ ಸಾವು. ಹೊಳೆಯಲ್ಲಿ ಗೊದಮೊಟ್ಟೆ ನೋಡಿದವರು ಎಲ್ಲ ಸರಿ ಇದೆ ಅಂದುಕೊಂಡು ಹೋಗುತ್ತಾರೆ.

ಈ ಫಂಗಸ್‌ಗೆ 17ರಿಂದ 25 ಡಿಗ್ರಿ ಹಿತ, ಜಾಸ್ತಿ ಸೆಕೆ ಆಗಿಬರುವುದಿಲ್ಲ. ಅದಕ್ಕೇ ಉಷ್ಣವಲಯದಲ್ಲಿ ತಂಪಾದ ಬೆಟ್ಟದ ಹೊಳೆಗಳಿಗೆ ಹೆಚ್ಚು ಪೆಟ್ಟು. 2019ರ ಲೆಕ್ಕದ ಪ್ರಕಾರ ಈ ರೋಗದಿಂದ ಕುಸಿದ ಪ್ರಭೇದಗಳು 501. ಅವುಗಳಲ್ಲಿ 90 ಅಳಿದೇಹೋಗಿವೆ ಅನ್ನುತ್ತಾರೆ.

ಹಾಗಂತ ಎಲ್ಲವನ್ನೂ ಫಂಗಸ್ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಕೋಸ್ಟರಿಕಾದ್ದೇ ಲಾ ಸೆಲ್ವಾ ಎಂಬ ತಗ್ಗಿನ ಕಾಡಲ್ಲಿ 35 ವರ್ಷಗಳಲ್ಲಿ ನೆಲದ ಕಪ್ಪೆಗಳು ಶೇ. 75ರಷ್ಟು ಇಳಿದವು. ಆದರೆ ಅಲ್ಲಿ ಹಲ್ಲಿ ಜಾತಿಯವೂ ಇಳಿದವು. ಹಲ್ಲಿಗೆ ಈ ರೋಗ ಬರುವುದಿಲ್ಲ, ಅಲ್ವಾ? ಹವೆ ಬದಲಾಗಿ, ಅವು ಅಡಗುವ ತರಗೆಲೆಯ ಹಾಸು ತೆಳುವಾಗಿರಬೇಕು ಎಂಬುದು ಅಧ್ಯಯನ ಮಾಡಿದವರ ಗುಮಾನಿ. ನನಗೂ ಅದೇ ಸರಿ ಅನ್ನಿಸುತ್ತದೆ.

ಪ್ರಶ್ನೆ: ಇದಕ್ಕೆ ಔಷಧ ಇಲ್ವಾ?

ಉತ್ತರ: ಇದೆ. ಇಟ್ರಾಕೊನಜೋಲ್ ಬೆರೆಸಿದ ನೀರಲ್ಲಿ ಅದ್ದಿದರೆ ಸಾಕಿದ ಕಪ್ಪೆ ಗುಣವಾಗುತ್ತದೆ. ಕಾಡಿನ ಕಪ್ಪೆಗಳನ್ನೆಲ್ಲ ಅದ್ದುವವರು ಯಾರು? 2024ರಲ್ಲಿ ಆಸ್ಟ್ರೇಲಿಯಾದವರು ಬಿಸಿಲಿಗೆ ಕಾದ ತೂತಿನ ಇಟ್ಟಿಗೆಗಳಲ್ಲಿ ಕಪ್ಪೆಗಳನ್ನು ಕೂರಿಸಿ ನೋಡಿದರು. ಆ ಬಿಸಿಗೆ ಸೋಂಕು ಇಳಿಯಿತು. ಬಿಸಿಲೇ ಬೀಳದ ಮಳೆಕಾಡಲ್ಲಿ ಇದು ನಡೆಯುತ್ತದಾ? ನನಗೆ ಅನುಮಾನ. ನೀವು ಮಾಡಬಹುದಾದದ್ದು ಇಷ್ಟು: ಒಂದು ಹೊಳೆಗೆ ಇಳಿದ ಬೂಟನ್ನು ತೊಳೆದು ಪೂರ್ತಿ ಒಣಗಿಸದೆ ಇನ್ನೊಂದಕ್ಕೆ ಇಳಿಯಬೇಡಿ. ಒಣಗಿದರೆ ಈ ಫಂಗಸ್ ಸಾಯುತ್ತದೆ.