ಪ್ಯಾಟಿ ಓಣಿಯೋ, ಊರ ಹೊರಗಿನ ಲೇಔಟೋ?

ಶಾಲೆಗಳ ಪ್ರವೇಶ ಹತ್ತಿರ ಬಂದಂತೆ ಮನೆ ಬದಲಿಸುವ ಬಗ್ಗೆ ಬರುವ ಪತ್ರಗಳೂ ಹೆಚ್ಚುತ್ತವೆ. ಈ ಸಲದ ಪ್ರಶ್ನೆಗಳೆಲ್ಲ ಅವೇ.

ಪ್ರಶ್ನೆ: ದಾಜಿಬಾನಪೇಟಿಯೊಳಗ ಬಾಡಿಗಿ ಮನಿಯಾಗ ಇದ್ದೀವಿ. ಮನಿಯವರದು ದುರ್ಗದಬೈಲಿನ್ಯಾಗ ಅಂಗಡಿ, ಬಾಗಲಾ ಹಾಕಿ ಬರೂದ್ರಾಗ ರಾತ್ರಿ ಒಂಬತ್ತೂವರಿ ಆಗತೈತಿ. ಮಗಳು ಐದನೇತ್ತ, ಮಗ ಯುಕೆಜಿ. ಗೋಕುಲ ರೋಡ್ ದಾಟಿ ಒಂದು ಲೇಔಟಿನ್ಯಾಗ ಮನಿ ನೋಡೇವಿ. ಪ್ಯಾಟ್ಯಾಗ ಗಲಾಟಿ, ಕಳವು ಜಾಸ್ತಿ, ಹುಡುಗ್ರು ಕೆಡ್ತಾವು ಅಂತ ಅತ್ತಿಯವರು ಅಂತಾರ. ಆದ್ರ ಆ ಲೇಔಟಿನ್ಯಾಗ ಸಂಜಿ ಏಳಕ್ಕ ಒಂದು ನರಪಿಳ್ಳೆನೂ ಕಾಣೂದಿಲ್ಲ. ಯಾವುದು ಚಲೋ?
– ಓದುಗರು, ಹುಬ್ಬಳ್ಳಿ

ಉತ್ತರ: ನಿಮ್ಮ ಅತ್ತೆಯವರ ಮಾತೂ ಸುಳ್ಳಲ್ಲ, ನಿಮ್ಮ ಅಂಜಿಕೆಯೂ ಸುಳ್ಳಲ್ಲ. ಇಬ್ಬರೂ ಬೇರೆ ಬೇರೆ ಅಪರಾಧದ ಬಗ್ಗೆ ಮಾತಾಡುತ್ತಿದ್ದೀರಿ.

ದುರ್ಗದಬೈಲು, ಬ್ರಾಡ್‌ವೇ, ಸ್ಟೇಶನ್ ರೋಡಿನ ಸುತ್ತ ನಡೆಯುವುದು ಗದ್ದಲದ ನಡುವಿನ ಅಪರಾಧ. ಜೇಬಿಗೆ ಕತ್ತರಿ, ಮೊಬೈಲ್ ಎಗರಿಸುವುದು, ನಿಲ್ಲಿಸಿದ ಬೈಕ್ ಕಾಣೆಯಾಗುವುದು, ಕುಡಿದವರ ಹೊಡೆದಾಟ. ಇವುಗಳಿಗೆ ಗುರಿಯಾಗುವವರಲ್ಲಿ ಸಂತೆ-ಖರೀದಿಗೆ ಬಂದ ಹೊರಗಿನವರು ಬಹಳ. ಊರ ಹೊರಗಿನ ಲೇಔಟಿನದು ಜನರಿಲ್ಲದ ಜಾಗದ ಅಪರಾಧ: ಬೀಗ ಹಾಕಿದ ಮನೆ ಒಡೆಯುವುದು, ಬೆಳಗಿನ ವಾಕಿಂಗ್‌ಗೆ ಹೋದವರ ಕೊರಳ ಸರ ಹರಿಯುವುದು. ದಾಜಿಬಾನಪೇಟೆಯಂಥ ಓಣಿಯಲ್ಲಿ ಗೋಡೆಗೆ ಗೋಡೆ ಹತ್ತಿರುತ್ತದೆ, ಕಟ್ಟೆಯ ಮೇಲೆ ಯಾರಾದರೂ ಕುಳಿತಿರುತ್ತಾರೆ. ಹಗಲು ಹೊತ್ತಿನಲ್ಲಿ ಬೀಗ ಮುರಿಯುವವನಿಗೆ ಅಲ್ಲಿ ಐದು ನಿಮಿಷದ ಏಕಾಂತ ಸಿಗುವುದು ಕಷ್ಟ. ಲೇಔಟಿನಲ್ಲಿ ಅದು ಪುಕ್ಕಟೆ ಸಿಗುತ್ತದೆ.

ಆದ್ದರಿಂದ ಠಾಣೆಗಳ ಒಟ್ಟು ಪ್ರಕರಣ ಹೋಲಿಸಿ ‘ಅಲ್ಲಿ ಹೆಚ್ಚು, ಇಲ್ಲಿ ಕಡಿಮೆ’ ಎನ್ನಬೇಡಿ. ಮಾರುಕಟ್ಟೆಗೆ ದಿನವೂ ಬಂದುಹೋಗುವ ಸಾವಿರಾರು ಜನರ ದೂರುಗಳೆಲ್ಲ ಅಲ್ಲಿನ ಠಾಣೆಯ ಲೆಕ್ಕಕ್ಕೇ ಸೇರುತ್ತವೆ. ಬಗೆ ಬೇರ್ಪಡಿಸಿದ ಲೆಕ್ಕ ಬೇಕಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ನವನಗರದ ಪೊಲೀಸ್ ಕಮಿಷನರ್ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ, 10 ರೂಪಾಯಿಯ ಪೋಸ್ಟಲ್ ಆರ್ಡರ್. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಉತ್ತರಕ್ಕೆ 30 ದಿನ. ಎರಡೂ ಠಾಣೆಗಳ ಹೆಸರು ಬರೆದು, ಭಾರತೀಯ ನ್ಯಾಯ ಸಂಹಿತೆಯ 304 (ಕಸಿದು ಓಡುವುದು), 305 (ಮನೆಯೊಳಗಿನ ಕಳವು), 331 (ಮನೆ ಒಡೆದು ನುಗ್ಗುವುದು) ಈ ಮೂರು ಕಲಂಗಳ ಪ್ರಕರಣ ವರ್ಷವಾರು ಎಷ್ಟು ಎಂದು ಕೇಳಿ. ಈ ಸಂಹಿತೆ ಜಾರಿಗೆ ಬಂದದ್ದು 2024ರ ಜುಲೈ 1ಕ್ಕೆ, ಅದಕ್ಕೂ ಹಿಂದಿನ ವರ್ಷ ಬೇಕಾದರೆ ಕಲಂ ಬಿಟ್ಟು ಅಪರಾಧದ ಹೆಸರನ್ನೇ ಬರೆಯಿರಿ. ‘ನಮ್ಮ ಏರಿಯಾ ಸುರಕ್ಷಿತವೇ?’ ಎಂದು ಕೇಳಿದರೆ ಅರ್ಜಿ ತಿರಸ್ಕಾರವಾಗುತ್ತದೆ. ದಾಖಲೆಯಲ್ಲಿ ಇರುವುದನ್ನಷ್ಟೇ ಅವರು ಕೊಡಬೇಕು, ಅಭಿಪ್ರಾಯವನ್ನಲ್ಲ.

ಇನ್ನು ನೀವು ನೋಡಿದ ಮನೆ. ಲೇಔಟಿನ ಹೆಸರಿಗಿಂತ ಮನೆಯ ಸಾಲು ಮುಖ್ಯ. ಎರಡೂ ಬದಿಗೆ ಹತ್ತತ್ತು ಪ್ಲಾಟ್ ಎಣಿಸಿ, ಆ ಇಪ್ಪತ್ತರಲ್ಲಿ ಎಷ್ಟರಲ್ಲಿ ದೀಪ ಉರಿಯುತ್ತದೆ ನೋಡಿ. ಅರ್ಧಕ್ಕಿಂತ ಕಡಿಮೆ ಇದ್ದರೆ ಒಂದೆರಡು ವರ್ಷ ತಡೆಯುವುದೇ ಸರಿ ಎಂಬುದು ನಮ್ಮ ಅಭಿಪ್ರಾಯ. ಖುಲ್ಲಾ ಪ್ಲಾಟಿನಲ್ಲಿ ಜಾಲಿಕಂಟಿ ಆಳೆತ್ತರ ಬೆಳೆದಿದ್ದರೆ ಅದು ಅಡಗುವವನಿಗೂ ಜಾಗ, ಹಾವಿಗೂ ಜಾಗ. ಒಂದೇ ಸಲ ಭಾನುವಾರ ಹೋಗಿ ಬಂದು ತೀರ್ಮಾನಿಸಬೇಡಿ. ಬೆಳಿಗ್ಗೆ ಆರಕ್ಕೆ, ಶಾಲೆ ಬಿಡುವ ಹೊತ್ತಿಗೆ, ರಾತ್ರಿ ಒಂಬತ್ತೂವರೆಗೆ ಒಮ್ಮೊಮ್ಮೆ ಹೋಗಿ. ಕೊನೆಯದು ನಿಮ್ಮ ಯಜಮಾನರು ದಿನವೂ ಮನೆಗೆ ಬರುವ ಹೊತ್ತು. ಅಲ್ಲಿಯವರೆಗೆ ಮನೆಯಲ್ಲಿ ನೀವೂ ಮಕ್ಕಳೂ ಮಾತ್ರ.

ಮಾಲೀಕರನ್ನು ಎರಡು ಪ್ರಶ್ನೆ ಕೇಳಿ. ಲೇಔಟ್ ಪಾಲಿಕೆಗೆ ಹಸ್ತಾಂತರವಾಗಿದೆಯೇ? ಆಗದಿದ್ದರೆ ಬೀದಿದೀಪ ಕೆಟ್ಟಾಗ ಪಾಲಿಕೆ ‘ನಮ್ಮದಲ್ಲ’ ಅನ್ನುತ್ತದೆ, ಪ್ಲಾಟ್ ಮಾರಿ ಹೋದವರು ಫೋನ್ ಎತ್ತುವುದಿಲ್ಲ. ಎರಡನೆಯದು, ಯಾವ ಠಾಣೆಯ ಹದ್ದು? ಅಂಚಿನ ಕೆಲವು ಲೇಔಟ್‌ಗಳು ಗ್ರಾಮ ಪಂಚಾಯ್ತಿಗೆ, ಗ್ರಾಮೀಣ ಠಾಣೆಗೆ ಸೇರುತ್ತವೆ. ಗ್ರಾಮೀಣ ಠಾಣೆ ಕಮಿಷನರ್ ಕೈಕೆಳಗಲ್ಲ, ಜಿಲ್ಲಾ ಎಸ್‌ಪಿ ಕೈಕೆಳಗೆ. ತುರ್ತಿಗೆ ಎಲ್ಲಿಂದಲಾದರೂ 112. ಆದರೆ ರಾತ್ರಿ ಬೀಟ್ ಬರುವುದೂ ಬಿಡುವುದೂ ಠಾಣೆಯ ವ್ಯಾಪ್ತಿ ಎಷ್ಟು ದೊಡ್ಡದು ಎಂಬುದರ ಮೇಲಿದೆ.

ಶಾಲೆಯ ಲೆಕ್ಕ ಇದಕ್ಕಿಂತ ದೊಡ್ಡದು. ಮಗಳ ಶಾಲೆ ಪೇಟೆಯಲ್ಲೇ ಉಳಿದು ಮನೆ ಮಾತ್ರ ಹೊರಗೆ ಹೋದರೆ, ವ್ಯಾನು ನಾಲ್ಕಾರು ಕಡೆ ಸುತ್ತಿ ಬರುವುದರಿಂದ ಒಂದು ಬದಿಗೆ ಮುಕ್ಕಾಲು ಗಂಟೆ ಹೆಚ್ಚು ಹಿಡಿಯುವುದು ಸಾಮಾನ್ಯ. ದಿನಕ್ಕೆ ಒಂದೂವರೆ ತಾಸು, ವರ್ಷಕ್ಕೆ 220 ಶಾಲಾ ದಿನ, ಒಟ್ಟು 330 ತಾಸು. ಆಟಕ್ಕೆ, ನಿದ್ದೆಗೆ, ಹೋಮ್‌ವರ್ಕಿಗೆ ಇರಬೇಕಾದ ಹೊತ್ತು ಅದು. ಅದಕ್ಕೇ ನಾವು ಯಾವಾಗಲೂ ಹೇಳುವುದು ಒಂದೇ: ಮೊದಲು ಶಾಲೆ ಆರಿಸಿ, ಅದರ ಸುತ್ತ ಎರಡು-ಮೂರು ಕಿಲೋಮೀಟರ್ ಒಳಗೆ ಮನೆ ಹುಡುಕಿ. ಮನೆ ಹಿಡಿದ ಮೇಲೆ ಶಾಲೆ ಹುಡುಕಿದವರು ಸಿಕ್ಕ ಶಾಲೆಗೆ ಒಪ್ಪಿಕೊಳ್ಳಬೇಕಾಗುತ್ತದೆ.

ವ್ಯಾನು ಅನಿವಾರ್ಯವಾದರೆ ನಂಬರ್ ಪ್ಲೇಟ್ ನೋಡಿ. ಹಳದಿ ಪ್ಲೇಟಿಗೆ ಕಪ್ಪು ಅಕ್ಷರ ಇದ್ದರೆ ಬಾಡಿಗೆ ಪರವಾನಗಿ ಇದೆ. ಬಿಳಿ ಪ್ಲೇಟಿನ ಓಮ್ನಿಯಲ್ಲಿ ಹಣ ಪಡೆದು ಮಕ್ಕಳನ್ನು ಒಯ್ಯುವುದು ಕಾನೂನುಬಾಹಿರ. ಅಪಘಾತವಾದರೆ ವಿಮಾ ಕಂಪನಿ ಅದನ್ನೇ ನೆಪ ಮಾಡಿ ತಕರಾರು ತೆಗೆಯುತ್ತದೆ. ಆಟೊ ಪರವಾನಗಿ ಮೂವರು ದೊಡ್ಡವರ ಲೆಕ್ಕದ್ದು. ಎಂಟು-ಹತ್ತು ಮಕ್ಕಳನ್ನು ತುಂಬಿ, ಡ್ರೈವರ್ ಪಕ್ಕದ ಕಬ್ಬಿಣದ ಮೇಲೆ ಇಬ್ಬರನ್ನು ಕೂರಿಸುವ ಆಟೊಕ್ಕೆ ಮಗನನ್ನು ಹತ್ತಿಸಬೇಡಿ, ಎಷ್ಟೇ ಪರಿಚಯದ ಡ್ರೈವರ್ ಆಗಿರಲಿ.

ನಿಮ್ಮ ವಿಷಯದಲ್ಲಿ ನಮ್ಮ ಸಲಹೆ: ಆ ಲೇಔಟ್ ಈಗ ಬೇಡ, ದಾಜಿಬಾನಪೇಟೆಯಲ್ಲೇ ಇರಬೇಕೆಂದೂ ಇಲ್ಲ. ಕೇಶ್ವಾಪುರ, ದೇಶಪಾಂಡೆ ನಗರ, ವಿದ್ಯಾನಗರದಂಥ ತುಂಬಿದ ಬಡಾವಣೆಗಳಲ್ಲಿ ಅಂಗಡಿಗೂ ಶಾಲೆಗೂ ಎಟುಕುವ ಮನೆ ನೋಡಿ. ಕೊಳ್ಳುವ ಮೊದಲು 11 ತಿಂಗಳ ಕರಾರಿನ ಮೇಲೆ ಬಾಡಿಗೆಗೆ ಇದ್ದು ನೋಡಿ. ಮೇ ಮೊದಲ ವಾರ ಮನೆ ಬದಲಿಸಿದರೆ ಶಾಲೆ ಶುರುವಾಗುವಷ್ಟರಲ್ಲಿ ಮಕ್ಕಳಿಗೆ ಓಣಿ ಪರಿಚಯವಾಗಿರುತ್ತದೆ.

ಪ್ರಶ್ನೆ: ಸತ್ತೂರು ಕಡೆ ಮನೆ ತಗೊಂಡಿದ್ದೇವೆ. ಹತ್ತಿರದ ಹೊಸ ಶಾಲೆಯವರು ‘ಸಿಬಿಎಸ್‌ಇ ಪಠ್ಯಕ್ರಮ’ ಎಂದು ಫಲಕ ಹಾಕಿದ್ದಾರೆ. ಧಾರವಾಡದ ಹಳೆಯ ಶಾಲೆಗೆ ಕಳಿಸುವುದೋ, ಇಲ್ಲಿಯೇ ಸೇರಿಸುವುದೋ?
– ಓದುಗರು, ಧಾರವಾಡ

ಉತ್ತರ: ‘ಪಠ್ಯಕ್ರಮ’ ಬೇರೆ, ‘ಸಂಯೋಜನೆ’ (ಮಂಡಳಿಯ ಮಾನ್ಯತೆ, ಅಫಿಲಿಯೇಷನ್) ಬೇರೆ. ಪುಸ್ತಕ ತಂದು ಕಲಿಸಲು ಯಾರಿಗೂ ಅಡ್ಡಿಯಿಲ್ಲ. ಮಂಡಳಿಯ ಸಂಯೋಜನೆ ಇದ್ದರೆ ಸಂಖ್ಯೆ ಇರುತ್ತದೆ, ಕರ್ನಾಟಕದ ಶಾಲೆಗಳದು ಸಾಮಾನ್ಯವಾಗಿ 83ರಿಂದ ಶುರುವಾಗುತ್ತದೆ. ಆ ಸಂಖ್ಯೆಯನ್ನು ಸಿಬಿಎಸ್‌ಇ ಜಾಲತಾಣದ ಪಟ್ಟಿಯಲ್ಲಿ ಹಾಕಿ, ಶಾಲೆಯ ಹೆಸರು, ವಿಳಾಸ ಮತ್ತು ಎಷ್ಟನೇ ತರಗತಿವರೆಗೆ ಅನುಮತಿ ಇದೆ ಎಂಬ ಮೂರನ್ನೂ ತಾಳೆ ನೋಡಿ. ಮಂಡಳಿಯ ನೋಂದಣಿ ಆಗುವುದು ಒಂಬತ್ತನೇ ತರಗತಿಯಲ್ಲಿ. ಸಂಯೋಜನೆ ಇಲ್ಲದ ಶಾಲೆ ಆಗ ಮಗುವಿನ ಹೆಸರನ್ನು ಬೇರೊಂದು ಶಾಲೆಯ ಪಟ್ಟಿಯಲ್ಲಿ ತೂರಿಸುತ್ತದೆ, ಇಲ್ಲವೇ ರಾಜ್ಯ ಪಠ್ಯಕ್ರಮಕ್ಕೆ ಹೊರಳಿಸುತ್ತದೆ. ಎಂಟು ವರ್ಷ ಒಂದು ದಾರಿಯಲ್ಲಿ ಓದಿದ ಮಗುವಿಗೆ ಎರಡೂ ಅನ್ಯಾಯ.

ರಾಜ್ಯ ಪಠ್ಯಕ್ರಮದ ಶಾಲೆಯಾದರೆ ಮಾನ್ಯತೆ ಯಾವ ತರಗತಿವರೆಗೆ, ಯಾವ ವರ್ಷದವರೆಗೆ ಎಂದು ಬಿಇಒ ಕಚೇರಿಯಲ್ಲಿ ಕೇಳಿ. ಪ್ರತಿ ಶಾಲೆಗೂ 29ರಿಂದ ಶುರುವಾಗುವ 11 ಅಂಕಿಯ ಯುಡೈಸ್ (ಸರ್ಕಾರದ ಶಾಲಾ ಮಾಹಿತಿ ವ್ಯವಸ್ಥೆಯ) ಸಂಖ್ಯೆ ಇರುತ್ತದೆ. ಅದನ್ನು ಯುಡೈಸ್ ಜಾಲತಾಣದಲ್ಲಿ ಹಾಕಿದರೆ ತರಗತಿವಾರು ಮಕ್ಕಳು, ಶಿಕ್ಷಕರು, ಶೌಚಾಲಯ ಎಲ್ಲದರ ಲೆಕ್ಕ ಕಾಣುತ್ತದೆ. 1ರಿಂದ 5ನೇ ತರಗತಿಗೆ 30 ಮಕ್ಕಳಿಗೊಬ್ಬ, 6ರಿಂದ 8ಕ್ಕೆ 35 ಮಕ್ಕಳಿಗೊಬ್ಬ ಶಿಕ್ಷಕ ಇರಬೇಕೆಂಬುದು ಶಿಕ್ಷಣ ಹಕ್ಕು ಕಾಯ್ದೆಯ ಮಾತು.

ಈ ಲೆಕ್ಕದಲ್ಲಿ ಬಹಳ ಜನ ನೋಡದ ಒಂದು ಸಂಗತಿ ಇದೆ. ಎಂಟನೇ ತರಗತಿಯಲ್ಲಿ 80 ಮಕ್ಕಳು, ಹತ್ತರಲ್ಲಿ 45 ಎಂದಿಟ್ಟುಕೊಳ್ಳಿ. ಆ ಶಾಲೆಯ ‘ಶೇ. 100 ಫಲಿತಾಂಶ’ದ ಬ್ಯಾನರ್ ನಂಬುವ ಮುನ್ನ ಉಳಿದ 35 ಮಕ್ಕಳು ಎಲ್ಲಿಗೆ ಹೋದರು ಎಂದು ಕೇಳಿ. ಕಲಿಕೆಯಲ್ಲಿ ಹಿಂದುಳಿದವರನ್ನು ಒಂಬತ್ತರಲ್ಲೇ ಟಿಸಿ ಕೊಟ್ಟು ಕಳಿಸುವ ರೂಢಿ ಪಟ್ಟಣದಲ್ಲೂ ಇದೆ, ಲೇಔಟಿನಲ್ಲೂ ಇದೆ. 625ಕ್ಕೆ 620 ತೆಗೆದ ಒಬ್ಬ ವಿದ್ಯಾರ್ಥಿಯ ಫೋಟೊಕ್ಕಿಂತ ಎಷ್ಟು ಮಕ್ಕಳು ಪರೀಕ್ಷೆಗೆ ಕೂತರು ಎಂಬುದೇ ಶಾಲೆಯ ನಿಜವಾದ ಗುರುತು.

ಧಾರವಾಡದ ಬಾಸೆಲ್ ಮಿಷನ್, ಕೆ.ಇ. ಬೋರ್ಡ್, ಹುಬ್ಬಳ್ಳಿಯ ಲ್ಯಾಮಿಂಗ್ಟನ್‌ನಂಥ ಹಳೆಯ ಶಾಲೆಗಳು ಊರೊಳಗೇ ಇವೆ. ನಿಮಗೆ ಒಂದು ಅನುಕೂಲವಿದೆ: ಸತ್ತೂರು ಹುಬ್ಬಳ್ಳಿ-ಧಾರವಾಡ ನಡುವೆ ಪ್ರತ್ಯೇಕ ಲೇನಿನಲ್ಲಿ ಓಡುವ ಬಿಆರ್‌ಟಿಎಸ್ ಬಸ್ಸಿನ ದಾರಿಯಲ್ಲೇ ಇದೆ. ಮನೆಯಿಂದ ಆ ‘ಚಿಗರಿ’ ಬಸ್ಸಿನ ನಿಲ್ದಾಣ ನಡೆದು ಹತ್ತು ನಿಮಿಷದ ಒಳಗಿದ್ದರೆ, ಎಂಟನೇ ತರಗತಿಯ ಹೊತ್ತಿಗೆ ಮಗು ತಾನೇ ಧಾರವಾಡಕ್ಕೆ ಹೋಗಿಬರಬಲ್ಲದು. ರಸ್ತೆ ದಾಟುವ ಜಾಗ ಮಾತ್ರ ನೀವೇ ನಾಲ್ಕು ದಿನ ಜೊತೆಗೆ ನಡೆದು ರೂಢಿ ಮಾಡಿಸಿ. ಬಸ್ ಲೇನ್, ಅದರಾಚೆ ಉಳಿದ ವಾಹನಗಳ ಲೇನ್, ಹೀಗೆ ಒಂದೇ ರಸ್ತೆಯಲ್ಲಿ ಹಲವು ದಾಟು. ಬೇಲಿ ಹಾರುವ ಗೆಳೆಯರ ಸಂಗ ಬೇಡ ಎಂದು ಬಾಯಿಬಿಟ್ಟು ಹೇಳಿ. ಸಣ್ಣ ಮಗುವಾದರೆ, ಮಾನ್ಯತೆ ಸರಿಯಿದ್ದಲ್ಲಿ ಐದನೇ ತರಗತಿವರೆಗೆ ಹತ್ತಿರದ ಶಾಲೆಯೇ ಇರಲಿ.

ಪ್ರಶ್ನೆ: ಗದಗ ಪೇಟೆಯಿಂದ ಹೊರಗಿನ ಬಡಾವಣೆಗೆ ಹೋದರೆ ಅಲ್ಲಿನ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟು ಸಿಗಬಹುದೇ?
– ಓದುಗರು, ಗದಗ-ಬೆಟಗೇರಿ

ಉತ್ತರ: ಅದನ್ನೇ ನಂಬಿ ಮನೆ ಬದಲಿಸಬೇಡಿ. ಖಾಸಗಿ ಶಾಲೆಯ ಶೇ. 25 ಸೀಟು ದುರ್ಬಲ ವರ್ಗದ ಮಕ್ಕಳಿಗೆ ಎಂಬ ನಿಯಮ ಶಿಕ್ಷಣ ಹಕ್ಕು ಕಾಯ್ದೆಯಲ್ಲಿದೆ (ಆರ್‌ಟಿಇ), ಆದರೆ ಕರ್ನಾಟಕದಲ್ಲಿ 2019ರಲ್ಲಿ ನಿಯಮ ತಿದ್ದಿದ ಮೇಲೆ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಅನುದಾನರಹಿತ ಶಾಲೆಯ ಸೀಟು ಸಿಗುವುದಿಲ್ಲ. ಊರೊಳಗೆ ಅಂಥ ಶಾಲೆ ಇಲ್ಲದ ವಾರ್ಡ್ ಅಪರೂಪ.

ಪ್ರಶ್ನೆ: ಹಾವೇರಿಗೆ ವರ್ಗವಾಗಿದೆ. ಕಚೇರಿ ದೇವಗಿರಿಯ ಜಿಲ್ಲಾಡಳಿತ ಭವನದಲ್ಲಿ. ಮಕ್ಕಳಿಬ್ಬರೂ ಶಾಲೆಯಲ್ಲಿದ್ದಾರೆ. ಕಚೇರಿ ಹತ್ತಿರ ಮನೆ ಮಾಡುವುದೋ, ಊರಲ್ಲೋ?
– ಓದುಗರು, ಹಾವೇರಿ

ಉತ್ತರ: ಊರಲ್ಲಿ, ಶಾಲೆ ಹತ್ತಿರ. ಹಾವೇರಿ ಸಣ್ಣ ಊರು, ನಿಮ್ಮ ಓಡಾಟ ದೊಡ್ಡದಾಗುವುದಿಲ್ಲ. ಎರಡು-ಮೂರು ವರ್ಷಕ್ಕೆ ಮತ್ತೆ ವರ್ಗವಾಗಬಹುದು, ಹೊಸ ಊರಲ್ಲಿ ಮಕ್ಕಳಿಗೆ ಬೇಗ ಗೆಳೆಯರು ಸಿಗುವುದು ನಡೆದು ಹೋಗುವ ಶಾಲೆಯಲ್ಲೇ. ಮಕ್ಕಳ ದಾರಿಯಲ್ಲಿ ರಾಷ್ಟ್ರೀಯ ಹೆದ್ದಾರಿ 48ನ್ನು ದಾಟುವ ಪ್ರಸಂಗ ಬರಬಾರದು, ಬಂದರೂ ಕೆಳಸೇತುವೆ ಇರುವ ಕಡೆಯೇ ಆಗಬೇಕು. ವರ್ಷದ ನಡುವೆ ಶಾಲೆ ಬದಲಿಸುವುದಾದರೆ ಟಿಸಿ ಜೊತೆ ಮಗುವಿನ ಸ್ಯಾಟ್ಸ್ (ರಾಜ್ಯದ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯ) ಸಂಖ್ಯೆ ಬರೆದುಕೊಂಡು ಬನ್ನಿ. ಹಳೆಯ ಶಾಲೆ ಆನ್‌ಲೈನ್‌ನಲ್ಲಿ ಬಿಡುಗಡೆ ಮಾಡದಿದ್ದರೆ ಹೊಸ ಶಾಲೆಯ ಹಾಜರಿಯಲ್ಲಿ ಹೆಸರು ಏರುವುದಿಲ್ಲ.

ಪ್ರಶ್ನೆ: ಧಾರವಾಡದ ಹೊಸ ಬಡಾವಣೆಯಲ್ಲಿ ನಮ್ಮದೇ ಕೊನೆಯ ಮನೆ. ಸೂಟಿಯಲ್ಲಿ ಊರಿಗೆ ಹೋಗಲು ಭಯ. ಕ್ಯಾಮೆರಾ ಹಾಕಿದರೆ ಸಾಕೇ?
– ಓದುಗರು, ಧಾರವಾಡ

ಉತ್ತರ: ಕ್ಯಾಮೆರಾ ಕಳ್ಳನನ್ನು ತಡೆಯುವುದಿಲ್ಲ, ಆಮೇಲೆ ಗುರುತು ಹೇಳುತ್ತದೆ. ಮೊದಲು ಬಾಗಿಲು. ಹೊರಗಿನ ಕೊಂಡಿಯನ್ನು ಬಡಿಗರು ಸಾಮಾನ್ಯವಾಗಿ ಮುಕ್ಕಾಲು ಇಂಚಿನ ಸ್ಕ್ರೂನಿಂದ ಕೂರಿಸಿರುತ್ತಾರೆ. ಬೀಗ ಎಷ್ಟೇ ದಪ್ಪ ಇರಲಿ, ಸಣ್ಣ ಹಾರೆಯಿಂದ ಮೀಟಿದರೆ ಕೊಂಡಿ ಬೀಗದ ಸಮೇತ ಕಿತ್ತು ಬರುತ್ತದೆ. ಆ ಸ್ಕ್ರೂ ತೆಗೆಸಿ ಆರಪಾರ ಬೋಲ್ಟ್ ಹಾಕಿಸಿ, ನಟ್ಟು ಒಳಬದಿಗೆ ಬರಲಿ. ಇನ್ನೂ ಒಳ್ಳೆಯದು ಒಳಬೀಗ: ಜೋತುಬಿದ್ದ ಬೀಗ ಕಾಣದಿದ್ದರೆ ಮನೆಯಲ್ಲಿ ಜನ ಇದ್ದಾರೋ ಇಲ್ಲವೋ ರಸ್ತೆಯಿಂದ ತಿಳಿಯದು. ಮುಂಬಾಗಿಲಿಗೆ ಸಾಗವಾನಿ ಹಾಕಿ ಹಿತ್ತಲ ಬಾಗಿಲಿಗೂ ಮಾಳಿಗೆ ಮೆಟ್ಟಿಲಿನ ಬಾಗಿಲಿಗೂ ಪ್ಲೈವುಡ್ ಹಾಕಿದವರೇ ಹೆಚ್ಚು, ಕಳ್ಳರೂ ಅಲ್ಲಿಂದಲೇ ಬರುತ್ತಾರೆ. ಅವೆರಡಕ್ಕೂ ಕಬ್ಬಿಣದ ಗ್ರಿಲ್ ಬಾಗಿಲು ಬೇಕು.

ಕ್ಯಾಮೆರಾ ಎರಡೂವರೆಯಿಂದ ಮೂರು ಮೀಟರ್ ಎತ್ತರದಲ್ಲಿರಲಿ. ಇನ್ನೂ ಮೇಲಿಟ್ಟರೆ ತಲೆ ಕಾಣುತ್ತದೆ, ಮುಖ ಕಾಣುವುದಿಲ್ಲ. ದೃಶ್ಯ ದಾಖಲಿಸುವ ಡಿವಿಆರ್ ಪೆಟ್ಟಿಗೆಯನ್ನು ಟಿವಿ ಪಕ್ಕ ಇಟ್ಟವರು ಅದನ್ನೂ ಕಳೆದುಕೊಳ್ಳುತ್ತಾರೆ, ಹಾಗಾಗಿ ಬೀಗವಿರುವ ಕಪಾಟಿನಲ್ಲಿ, ಗಾಳಿಯಾಡುವಂತೆ ಇಡಿ. 2 ಮೆಗಾಪಿಕ್ಸೆಲ್‌ನ ನಾಲ್ಕು ಕ್ಯಾಮೆರಾ ತಲಾ 2 ಎಂಬಿಪಿಎಸ್‌ನಲ್ಲಿ ಸದಾ ಚಿತ್ರೀಕರಿಸಿದರೆ 1 ಟಿಬಿ ಡಿಸ್ಕ್ 11-12 ದಿನಕ್ಕೆ ತುಂಬಿ ಹಳೆಯದನ್ನು ಅಳಿಸತೊಡಗುತ್ತದೆ. ತಿಂಗಳ ಸೂಟಿಗೆ ಹೋಗುವವರಿಗೆ 1 ಟಿಬಿ ಸಾಲದು. ಗಡಿಯಾರ ಸರಿಯಿದೆಯೇ ನೋಡಿ. ಹೊತ್ತು ತಪ್ಪಿದ ದೃಶ್ಯ ಕೋರ್ಟಿನಲ್ಲಿ ತೊಡಕಾಗುತ್ತದೆ. ಕರೆಂಟು ಹೋದರೂ ನಡೆಯಲು ಸಣ್ಣ ಯುಪಿಎಸ್ ಬೇಕು.

ಹೊರಡುವ ಮುನ್ನ ಬಂಗಾರ ಲಾಕರಿಗೆ ಹೋಗಲಿ. ಹಾಲು, ಪೇಪರ್ ನಿಲ್ಲಿಸಿ. ಅಂಗಳದ ದೀಪ ಹಗಲೂ ಉರಿದರೆ ಮನೆ ಖಾಲಿ ಎಂದು ಡಂಗುರ ಸಾರಿದಂತೆ, ಕತ್ತಲಾದಾಗ ತಾನೇ ಹತ್ತುವ ಸೆನ್ಸರ್ ಬಲ್ಬ್ ಹಾಕಿ. ಹೋಗುವ-ಬರುವ ದಿನಾಂಕ, ವಿಳಾಸ, ಫೋನ್ ನಂಬರ್ ಬರೆದು ಠಾಣೆಗೆ ಕೊಟ್ಟು, ಬೀಟ್ ಸಿಬ್ಬಂದಿಗೆ ತಿಳಿಸಲು ಕೇಳಿ. ಪ್ರವಾಸದ ಫೋಟೊ ಸ್ಟೇಟಸ್‌ಗೆ ಹಾಕುವುದು ಮರಳಿ ಬಂದ ಮೇಲೆ.

ಕಳವು ಆಗಿಯೇ ಹೋದರೆ ಒಳಗೆ ಕಾಲಿಡದೆ 112ಕ್ಕೆ ಫೋನ್ ಮಾಡಿ. ಕಪಾಟು ಮುಟ್ಟಿದರೆ ಬೆರಳಚ್ಚು ಕೆಡುತ್ತದೆ. ನೀವು ಊರಲ್ಲಿ ಇಲ್ಲದಾಗ ಸುದ್ದಿ ಬಂದರೆ ಇದ್ದಲ್ಲಿಯ ಠಾಣೆಯಲ್ಲೇ ಶೂನ್ಯ ಎಫ್‌ಐಆರ್ ಕೊಡಬಹುದು. ಆನ್‌ಲೈನ್‌ನಲ್ಲಿ ಕೊಟ್ಟ ದೂರಿಗೆ ಮೂರು ದಿನದೊಳಗೆ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಪುಕ್ಕಟೆ ಸಿಗುತ್ತದೆ, ಕೇಳಿ ಪಡೆಯಿರಿ. ಒಡವೆಗಳ ಬಿಲ್ಲು ಮತ್ತು ಫೋಟೊ ಮೊದಲೇ ಮನೆಯ ಹೊರಗೆ ಯಾರದಾದರೂ ಬಳಿ ಇದ್ದರೆ, ಮಾಲು ಸಿಕ್ಕಾಗ ನಿಮ್ಮದೆಂದು ತೋರಿಸಲು ಅವೇ ಆಧಾರ.