ಸಿಗರೇಟು ಬಿಟ್ರಿ ಸರಿ, ಆ ಎಂಟು ಲೋಟ ಕಾಫಿ ಕಥೆ ಏನು?

ಹಾಸನದಿಂದ ಒಬ್ರು ಬರೆದಿದ್ದಾರೆ. ವಯಸ್ಸು 41, ಫೈನಾನ್ಸ್ ಆಫೀಸಲ್ಲಿ ಕೆಲಸ, ಹದಿನೆಂಟು ವರ್ಷದಿಂದ ದಿನಕ್ಕೆ ಹದಿನೈದು ಸಿಗರೇಟು, ಅದನ್ನ ಹನ್ನೊಂದು ದಿನದ ಹಿಂದೆ ಒಂದೇ ಸಲಕ್ಕೆ ನಿಲ್ಲಿಸಿದ್ದಾರೆ. ಭೇಷ್ ಅನ್ಬೇಕು, ಅಂದೆ. ಆದ್ರೆ ಪತ್ರದಲ್ಲಿ ಅವ್ರಿಗೇ ಖುಷಿ ಇಲ್ಲ. ಆಫೀಸಲ್ಲಿ ಎಲ್ಲರ ಮೇಲೂ ರೇಗಾಟ, ಸಾರಿಗೆ ಉಪ್ಪು ಜಾಸ್ತಿ ಆಯ್ತು ಅಂತ ತಟ್ಟೆ ತಳ್ಳಿ ಎದ್ದು ಹೋದ್ರಂತೆ, ಹೋದ ಶುಕ್ರವಾರ ಆರನೇ ಕ್ಲಾಸಿನ ಮಗಳು ಲೆಕ್ಕ ತಪ್ಪು ಮಾಡಿದ್ಲು ಅಂತ ಅವಳ ನೋಟ್‌ಬುಕ್ ಹರಿದು ಎಸೆದ್ರಂತೆ. ರಾತ್ರಿ ಎರಡಾದ್ರೂ ನಿದ್ದೆ ಬರಲ್ಲ, ಕೈ ನಡುಗುತ್ತೆ, ಎದೆ ಡವಡವ ಅನ್ನುತ್ತೆ. ಕೊನೇಲಿ ಕೇಳಿದ್ದಾರೆ, "ಮೇಡಂ, ಬಿಟ್ಟ ಮೇಲೆ ನಾನು ರಾಕ್ಷಸ ಆಗ್ತಿದೀನಿ, ಹೆಂಡ್ತಿ ಮಗಳ ನೆಮ್ಮದಿಗೋಸ್ಕರ ಮತ್ತೆ ಶುರು ಮಾಡ್ಲಾ?"

ಬೇಡ.

ಮೈ ಉರಿದಿದ್ದು ನಂಗೆ ಆ "ಹೆಂಡ್ತಿ ಮಗಳ ನೆಮ್ಮದಿಗೋಸ್ಕರ" ಅನ್ನೋ ಮಾತಿಗೆ. ಹದಿನೆಂಟು ವರ್ಷ ಸೇದಿದ್ದು ಯಾರ ನೆಮ್ಮದಿಗೆ ಅಂತ ಕೇಳಲ್ಲ ಬಿಡಿ. ಆದ್ರೆ ಇದೇ ಪತ್ರದಲ್ಲಿ, ಎರಡನೇ ಪುಟದ ಮಧ್ಯೆ, ಏನೋ ಲೆಕ್ಕಕ್ಕಿಲ್ಲದ ವಿಷಯ ಅನ್ನೋ ಹಾಗೆ ಒಂದು ಸಾಲು ಬರೆದಿದ್ದೀರಲ್ಲ, "ಸೇದ್ಬೇಕು ಅನ್ನಿಸಿದಾಗೆಲ್ಲ ಒಂದು ಕಾಫಿ ಕುಡಿದು ತಡ್ಕೋತೀನಿ, ಮೊದಲು ನಾಲ್ಕಿತ್ತು ಈಗ ಎಂಟಾಗಿದೆ, ಅದೊಂದೇ ಸಮಾಧಾನ" ಅಂತ, ಅಲ್ಲೇ ಇದೆ ನೋಡಿ ನಿಮ್ಮ ರಾಕ್ಷಸ.

ಇದು ಬಹಳ ಜನಕ್ಕೆ ಗೊತ್ತಿಲ್ಲ, ಗೊತ್ತಿರೋ ಡಾಕ್ಟರುಗಳೂ ಎಷ್ಟೋ ಸಲ ಹೇಳಲ್ಲ. ಸಿಗರೇಟಿನ ಹೊಗೆಯಲ್ಲಿರೋ ಟಾರ್ ಇದ್ಯಲ್ಲ, ಅದರಲ್ಲಿನ ಕೆಲವು ರಾಸಾಯನಿಕಗಳು ಲಿವರಿನ ಒಂದು ಕಿಣ್ವವನ್ನ ಎಬ್ಬಿಸಿ ಕೂರಿಸಿರ್ತವೆ, ಕೆಫೀನನ್ನ ಕರಗಿಸೋದೂ ಅದೇ ಕಿಣ್ವ, ಹಾಗಾಗಿ ಸೇದೋರ ಮೈಯಲ್ಲಿ ಕಾಫಿ ಬೇಗ ಖಾಲಿ ಆಗ್ತಾ ಇರುತ್ತೆ. ಸೇದೋದು ನಿಂತ ಕೆಲವೇ ದಿನಕ್ಕೆ ಆ ಕಿಣ್ವ ತಣ್ಣಗಾಗುತ್ತೆ, ಆಗ ಅದೇ ಲೋಟ, ಅದೇ ಡಿಕಾಕ್ಷನ್ ಕುಡಿದ್ರೂ ರಕ್ತದಲ್ಲಿ ಕೆಫೀನ್ ಹೆಚ್ಚುಕಮ್ಮಿ ಎರಡರಷ್ಟು ನಿಲ್ಲುತ್ತೆ. ಈಗ ನಿಮ್ಮ ಲೆಕ್ಕ ಮಾಡಿ, ಮಗಳ ಲೆಕ್ಕ ಆಮೇಲೆ ತಿದ್ದೋರಂತೆ. ನಾಲ್ಕು ಇದ್ದಿದ್ದು ಎಂಟಾಯ್ತು, ನಿಮ್ಮ ಮೈಗೆ ಆ ಎಂಟು ಹದಿನಾರರ ಹತ್ರ. ಹಾಸನದ ಸ್ಟ್ರಾಂಗ್ ಫಿಲ್ಟರ್ ಕಾಫಿ ಹದಿನಾರು ಲೋಟ ಹೊಯ್ದ್ರೆ ಎಂಥಾ ಸಾಧುವೂ ತಟ್ಟೆ ತಳ್ತಾನೆ.

ಸಿಟ್ಟು, ನಿದ್ದೆಗೇಡು, ಚಡಪಡಿಕೆ ಇವೆಲ್ಲ ನಿಕೋಟಿನ್ ನಿಂತಾಗಲೂ ಬರ್ತವೆ, ಇಲ್ಲ ಅಂತಿಲ್ಲ, ಮೊದಲ ವಾರ ಜೋರಾಗಿರುತ್ತೆ, ಎರಡರಿಂದ ನಾಲ್ಕು ವಾರದೊಳಗೆ ಇಳಿಯುತ್ತೆ. ಆದ್ರೆ ಸಿಗರೇಟು ಬಿಟ್ಟವರ ನಾಡಿಬಡಿತ ನಿಧಾನ ಆಗ್ಬೇಕು ಸ್ವಾಮಿ, ಡವಡವ ಅಂತ ಓಡಬಾರ್ದು. ನಿಮ್ಮದು ಓಡ್ತಿದೆ ಅಂದ್ರೆ ನನ್ನ ಅನುಮಾನ ಲೋಟದ ಮೇಲೇ. (ಎದೆ ನೋವು, ಉಸಿರುಕಟ್ಟೋದು, ಎಡಗೈಗೆ ನೋವು ಹರಿಯೋದು ಏನಾದ್ರೂ ಇದ್ರೆ ಈ ಅಂಕಣ ಓದ್ತಾ ಕೂರಬೇಡಿ, ಈಗಲೇ ಆಸ್ಪತ್ರೆಗೆ ಹೊರಡಿ. ಹದಿನೆಂಟು ವರ್ಷ ಸೇದಿದ ಎದೆ ಅದು.)

ಇನ್ನೊಂದು, "ಬೆಳಗ್ಗೆ ತಿಂಡಿ ತಿನ್ನೋ ಅಭ್ಯಾಸ ಇಲ್ಲ" ಅಂದಿದ್ದೀರಿ. ಈ ಅಂಕಣ ಓದೋರಿಗೆಲ್ಲ ಗೊತ್ತು, ಯಾರೇ ಸಿಟ್ಟು ಅಂತ ಬರೆದ್ರೂ ತಿಂಡಿ ತಿಂದ್ರಾ ಅಂತ ಮೊದಲು ಕೇಳೋಳು ನಾನು, ಗಂಡ ಹೆಂಡ್ತಿ ಜಗಳದಲ್ಲಿ ಅರ್ಧಕ್ಕರ್ಧ ಖಾಲಿ ಹೊಟ್ಟೇಲೇ ಆಗೋದು ಅಂತ ನಂಬಿರೋಳು. ನಿಕೋಟಿನ್ ಇಷ್ಟು ವರ್ಷ ನಿಮ್ಮ ಹಸಿವನ್ನ ಅದುಮಿ ಇಟ್ಟಿತ್ತು, ಈಗ ಅದು ಎದ್ದಿದೆ. ಹನ್ನೊಂದು ಗಂಟೆಗೆ ಬರೋದು ಸಿಗರೇಟಿನ ಆಸೆ ಅಂತ ನೀವು ಅಂದ್ಕೋತೀರಿ, ಎಷ್ಟೋ ಸಲ ಅದು ಬರೀ ಹಸಿವು. ಎರಡು ಇಡ್ಲಿ ತಿಂದು ಆಫೀಸಿಗೆ ಹೋಗಿ ನೋಡಿ, ಆಮೇಲೆ ಮಾತಾಡೋಣ.

ಈಗ ನಿಮ್ಮ ಭಾವಮೈದನ ವಿಷಯ. ಭಾನುವಾರ ಮನೆಗೆ ಬಂದು, "ಭಾವ, ಸೇದ್ತಿದ್ದಾಗಲೇ ನೀವು ಮನುಷ್ಯರ ಥರ ಇದ್ರಿ, ಒಂದು ಹೊಡೀರಿ, ಮನೆಯೋರೂ ಬದುಕ್ಕೊಳ್ಳಲಿ" ಅಂತ ಪ್ಯಾಕ್ ಮುಂದೆ ಚಾಚಿದ್ನಂತೆ. ನೀವು ಅದನ್ನ ತಮಾಷೆ ಅಂತ ಬರೆದಿದ್ದೀರಿ, ನಂಗೆ ಅದು ತಮಾಷೆ ಅನ್ನಿಸ್ಲಿಲ್ಲ. ತಾನು ಬಿಡೋಕಾಗದೆ ಇರೋನಿಗೆ ಪಕ್ಕದೋನು ಬಿಟ್ರೆ ಹೊಟ್ಟೆಯೊಳಗೆ ಏನೋ ಚುಚ್ಚುತ್ತೆ. ನಿಮ್ಮ ತಲೇಲಿ ಮತ್ತೆ ಶುರು ಮಾಡೋ ಯೋಚನೆ ಹೊಕ್ಕಿದ್ದೂ ಆ ಭಾನುವಾರವೇ, ನಿಮ್ಮ ಪತ್ರವನ್ನ ನೀವೇ ಇನ್ನೊಂದ್ಸಲ ಓದಿ ಗೊತ್ತಾಗುತ್ತೆ. ಅವನು ಹೇಳಿದ್ದು ಸುಳ್ಳು ಕೂಡ. ಸೇದಿದ ತಕ್ಷಣ ಸಿಗೋ ಆ ಹಗುರ ಬಹುಪಾಲು ಹಿಂದಿನ ಸಿಗರೇಟಿನ ನಿಕೋಟಿನ್ ಇಳಿದು ಶುರುವಾದ ಚಡಪಡಿಕೆ ನಿಂತಿದ್ದರ ಹಗುರ. ನಿಕೋಟಿನ್ ಎರಡು ಗಂಟೆಗೆಲ್ಲ ಅರ್ಧಕ್ಕೆ ಇಳಿಯುತ್ತೆ, ಮತ್ತೆ ಚಡಪಡಿಕೆ, ಮತ್ತೆ ಸಿಗರೇಟು, ಬಿಗಿ ಚಪ್ಪಲಿ ಹಾಕ್ಕೊಂಡು ತಿರುಗಿ ಅದನ್ನ ಬಿಚ್ಚೋ ಸುಖಕ್ಕೇ ಮತ್ತೆ ಹಾಕ್ಕೊಂಡ ಹಾಗೆ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 26 ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದ ವರದಿ ಬಂತು, ಬಿಟ್ಟವರಲ್ಲಿ ಆತಂಕ, ಒತ್ತಡ, ಖಿನ್ನತೆ ಸೇದ್ತಾ ಉಳಿದವರಿಗಿಂತ ಕಮ್ಮಿ ಆಗಿತ್ತು. ಅದು ವಾರಗಳು ದಾಟಿದ ಮೇಲಿನ ಮಾತು, ಹನ್ನೊಂದನೇ ದಿನಕ್ಕೆ ತೀರ್ಪು ಕೊಡ್ಬೇಡಿ.

ನಿಮಗೆ ಪಾಪ ಅನ್ನಿಸುತ್ತೆ, ಸ್ವಲ್ಪ. ಪೂರ್ತಿ ಪಾಪ ಅನ್ನಿಸಿದ್ದು ಆ ಹುಡುಗಿಗೆ. ಸಿಟ್ಟು ಬಂದಿದ್ದಕ್ಕೆ ನಿಕೋಟಿನ್, ಕಾಫಿ ಅಂತ ಕಾರಣ ಕೊಟ್ಟೆ, ನೋಟ್‌ಬುಕ್ ಹರಿದಿದ್ದಕ್ಕೆ ಕೊಡಲ್ಲ. ಹೊಸ ನೋಟ್‌ಬುಕ್ ತನ್ನಿ, ಹರಿದ ಪುಟಗಳ ಲೆಕ್ಕವನ್ನೆಲ್ಲ ಅವಳ ಪಕ್ಕ ಕೂತು ನೀವೇ ಬರೆದುಕೊಡಿ, ಬರೀತಾ ತಪ್ಪಾಯ್ತು ಪುಟ್ಟಿ ಅಂತ ಒಂದು ಮಾತು ಹೇಳಿ. ಊಟ ಆದ ಮೇಲಿನ ಹೊತ್ತು ಭಾಳ ಕಷ್ಟ ಅಂದಿದ್ರಲ್ಲ, ಆ ಹೊತ್ತಲ್ಲೇ ಕೂತ್ಕೊಳ್ಳಿ. ಆಸೆ ಎದ್ದು ಬರೋದು ಕೆಲವೇ ನಿಮಿಷ, ಎರಡು ಭಾಗಾಕಾರ ಮುಗಿಯೋ ಹೊತ್ತಿಗೆ ಇಳಿದಿರುತ್ತೆ.

ವಿಲ್ ಪವರ್ ಹೆಚ್ಚಿಸ್ಕೊಳ್ಳೋದು ಹೇಗೆ ಅಂತ ಕೇಳಿದ್ರಿ. ನಾನು ವಿಲ್ ಪವರ್ ವಿಷಯದಲ್ಲಿ ಸಲಹೆ ಕೊಡಲ್ಲ, ಯಾವತ್ತೂ ಕೊಟ್ಟಿಲ್ಲ. ನಾಳೆಯಿಂದ ಮಾಡ್ಬೇಕಾಗಿರೋದು ಒಂದೇ, ಬೈಟು. ಬೆಳಗ್ಗೆ ಒಂದು ಬೈಟು, ಮಧ್ಯಾಹ್ನ ಊಟಕ್ಕೆ ಮುಂಚೆ ಒಂದು, ಮೂರು ಗಂಟೆಗೆ ಒಂದು, ಆಮೇಲೆ ಕಾಫಿ ಡಬ್ಬಿ ಹೆಂಡ್ತಿ ಕೈಗೆ. ಪೂರ್ತಿ ನಿಲ್ಲಿಸೋಕೆ ಹೋಗ್ಬೇಡಿ, ಕೆಫೀನ್ ಏಕಾಏಕಿ ನಿಂತ್ರೆ ತಲೆನೋವು ಬರುತ್ತೆ, ಆ ತಲೆನೋವನ್ನೂ ನೀವು ಸಿಗರೇಟಿನ ಲೆಕ್ಕಕ್ಕೇ ಬರ್ಕೋತೀರಿ.

ಒಂದು ವಾರ ಹೀಗೆ ಮಾಡಿಯೂ ಆಗ್ತಿಲ್ಲ ಅಂದ್ರೆ 1800-11-2356ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ, ನಂಬರ್ ನೀವು ಬಿಟ್ಟ ಪ್ಯಾಕಿನ ಮೇಲೇ ಇದೆ. ನಿಕೋಟಿನ್ ಗಮ್ ತಗೊಳ್ಳೋದಾದ್ರೆ ಎಷ್ಟು ಪವರಿಂದು ಅಂತ ಡಾಕ್ಟರನ್ನ ಕೇಳಿ ತಗೊಳ್ಳಿ, ಚೂಯಿಂಗ್ ಗಮ್ ಥರ ಜಗೀತಾ ಇರ್ಬೇಡಿ, ಖಾರ ಹತ್ತಿದ ತಕ್ಷಣ ಕೆನ್ನೆ ಸಂದೀಲಿ ಇಟ್ಕೊಳ್ಳಿ. ಗಮ್‌ಗೆ ಕಾಲು ಗಂಟೆ ಮುಂಚೆಯಿಂದ ಕಾಫಿ ಕುಡೀಬಾರ್ದು, ಕುಡಿದ್ರೆ ಬಾಯೊಳಗೆ ನಿಕೋಟಿನ್ ಹೀರ್ಕೊಳ್ಳೋದೇ ಇಲ್ಲ ಸರಿಯಾಗಿ. ನೋಡಿ, ಅಲ್ಲೂ ಕಾಫಿ.

ಭಾವಮೈದನ್ನ ಇನ್ನೊಂದು ತಿಂಗಳು ಮನೆಗೆ ಕರೀಬೇಡಿ. ಯಾಕೆ ಅಂತ ಅವನ ಅಕ್ಕ ಕೇಳಿದ್ರೆ ನನ್ನ ಹೆಸರು ಹೇಳಿ, ಪರವಾಗಿಲ್ಲ.